ಕುತ್ತಿಗೆಯ ಪಟ್ಟಿ ಕಳಚಿದ ಮೇಲೂ ಒಂದು ವರ್ಷ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕಲ್ವಾದ ಓದುಗರೊಬ್ಬರು ಇತ್ತೀಚೆಗೆ ನಿಮ್ಮ ಪತ್ರಿಕೆಗೆ ಬರೆದ ಪತ್ರ ಓದಿದೆ. ಅವರ ಯಜಮಾನರಿಗೆ ಕುತ್ತಿಗೆಯ ಮೂಳೆ ಕೂಡಿಸುವ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ್ದಾರೆ. ಊರಿನಿಂದ ಫೋನ್ ಮಾಡಿದವರೆಲ್ಲ "ಬೆನ್ನುಮೂಳೆಗೆ ಕತ್ತಿ ತಾಗಿಸಿದರೆ ಮನುಷ್ಯ ಮತ್ತೆ ಹಾಸಿಗೆಯಿಂದ ಏಳುವುದಿಲ್ಲ" ಎಂದು ಹೆದರಿಸುತ್ತಿದ್ದಾರಂತೆ. ಏನು ಮಾಡಲಿ ಎಂದು ಆ ತಾಯಿ ಕೇಳಿದ್ದರು. ಅದೇ ಆಪರೇಷನ್ ಹೋದ ವರ್ಷ ನನಗೆ ಆಗಿದೆ. ಎದ್ದಿದ್ದೇನೆ, ನಡೆಯುತ್ತಿದ್ದೇನೆ, ಡೊಂಬಿವಲಿಯಿಂದ ಮುಂಬಯಿಯ ಫೋರ್ಟಿಗೆ ಕೆಲಸಕ್ಕೂ ಹೋಗುತ್ತಿದ್ದೇನೆ. ಆಪರೇಷನ್ ದಿನಕ್ಕಿಂತ ಅದರ ನಂತರದ ತಿಂಗಳುಗಳೇ ನನಗೆ ಕಷ್ಟವಾದದ್ದು. ಆ ತಿಂಗಳುಗಳ ಬಗ್ಗೆ ನಮ್ಮ ಜನರಿಗೆ ಏನೂ ಗೊತ್ತಿಲ್ಲ, ಲೋಕಲ್ ರೈಲಿನ ನಿಯಮಕ್ಕೂ ಗೊತ್ತಿಲ್ಲ. ಅದನ್ನು ಬರೆಯಬೇಕು ಅನ್ನಿಸಿತು. ಪತ್ರ ಉದ್ದವಾಗಿದೆ. ಜಾಗ ಇದ್ದರೆ ಪೂರ್ತಿ ಹಾಕಿ.

ನಾನು ಡಾಕ್ಟರಲ್ಲ. ಒಂದು ಖಾಸಗಿ ಕಚೇರಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ನನಗೆ ಮೊದಲು ಭುಜದಿಂದ ಕೆಳಗೆ ನೋವು ಇಳಿಯುತ್ತಿತ್ತು. ಬಲಗೈ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದೇ ಇರುತ್ತಿದ್ದವು. ಆಮೇಲೆ ಸೀರೆಯ ನೆರಿಗೆ ಬೆರಳಲ್ಲಿ ನಿಲ್ಲದಾಯಿತು. ರವಿಕೆಯ ಹುಕ್ ಹಾಕಲು ಮಗಳನ್ನು ಕರೆಯಬೇಕಾಯಿತು. ವೋಚರ್ ಎಣಿಸುವಾಗ ಎರಡೆರಡು ಹಾಳೆ ಒಟ್ಟಿಗೆ ಬರುತ್ತಿದ್ದವು. ಸ್ಟೇಷನ್ ಸೇತುವೆಯ ಮೆಟ್ಟಿಲು ಇಳಿಯುವಾಗ ಕಾಲು ಎಲ್ಲಿ ಊರಿತು ಎಂದು ಕಣ್ಣಲ್ಲಿ ನೋಡಿಯೇ ಖಾತ್ರಿ ಮಾಡಿಕೊಳ್ಳಬೇಕಿತ್ತು.

ಎಂಆರ್‌ಐ ಚಿತ್ರವನ್ನು ದೀಪದ ಮುಂದೆ ಹಿಡಿದು ಡಾಕ್ಟರು ತೋರಿಸಿದರು. ಕುತ್ತಿಗೆಯಲ್ಲಿ 7 ಮೂಳೆಗಳು. ಎಲ್ಲಕ್ಕಿಂತ ಮೇಲಿನ ಎರಡರ ನಡುವೆ ಬಿಟ್ಟು ಉಳಿದ ಕಡೆ ಮೆತ್ತನೆಯ ಡಿಸ್ಕ್ ಇರುತ್ತದೆ. ನನ್ನ 5 ಮತ್ತು 6ನೆಯ ಮೂಳೆಗಳ ನಡುವಿನ ಡಿಸ್ಕ್ ಹಿಂದಕ್ಕೆ ಚಾಚಿತ್ತು. ಕೈಗೆ ಹೋಗುವ ನರವನ್ನೂ ಒತ್ತುತ್ತಿತ್ತು, ಬೆನ್ನುಹುರಿಯನ್ನೂ ಒತ್ತುತ್ತಿತ್ತು. ಇದು ಮತ್ತು ಇದರ ಕೆಳಗಿನದು, ಈ ಎರಡು ಡಿಸ್ಕ್‌ಗಳೇ ಕುತ್ತಿಗೆಯಲ್ಲಿ ಹೆಚ್ಚಾಗಿ ತೊಂದರೆ ಕೊಡುವುದಂತೆ.

ಇಲ್ಲಿ ಕಲ್ವಾದ ಆ ತಾಯಿಗೆ ಒಂದು ಮಾತು. ಕುತ್ತಿಗೆ ನೋವು ಇರುವ ಎಲ್ಲರಿಗೂ ಆಪರೇಷನ್ ಬೇಕಾಗಿಲ್ಲ. ಡಿಸ್ಕ್ ನರವನ್ನು ಒತ್ತಿ ಕೈ ನೋಯುವವರಲ್ಲೂ ಹೆಚ್ಚಿನವರು ಮಾತ್ರೆ, ವ್ಯಾಯಾಮ, ವಿಶ್ರಾಂತಿಯಲ್ಲೇ ಕೆಲವು ವಾರ, ತಿಂಗಳಲ್ಲಿ ಸುಧಾರಿಸುತ್ತಾರೆ. ಬೆನ್ನುಹುರಿಯೇ ಒತ್ತಿಹೋಗಿ ಬೆರಳು ಹಿಡಿತ ತಪ್ಪುವುದು, ನಡಿಗೆ ತೊನೆಯುವುದು ಶುರುವಾದರೆ ಮಾತ್ರ ಕಥೆ ಬೇರೆ. ಆಗ ಕಾಯುತ್ತಾ ಕೂತರೆ ಹೋದ ಶಕ್ತಿ ಪೂರ್ತಿ ಹಿಂದೆ ಬಾರದೆ ಇರಬಹುದು. ಇನ್ನು ಮುಂದೆ ಕೆಡದಂತೆ ತಡೆಯುವುದೇ ಆಗ ಆಪರೇಷನ್ನಿನ ಮೊದಲ ಉದ್ದೇಶ. ನಿಮ್ಮ ಯಜಮಾನರದು ಯಾವುದು ಎಂದು ಡಾಕ್ಟರನ್ನು ನೇರವಾಗಿ ಕೇಳಿ. ನರ ಮಾತ್ರವೋ, ಬೆನ್ನುಹುರಿಯೂ ಸೇರಿದೆಯೋ? ಮನಸ್ಸು ಒಪ್ಪದಿದ್ದರೆ ಇನ್ನೊಬ್ಬ ಸರ್ಜನ್ ಹತ್ತಿರ ಎಂಆರ್‌ಐ ತೆಗೆದುಕೊಂಡು ಹೋಗಿ. ಊರಿನ ಫೋನುಗಳಿಗೆ ಆಮೇಲೆ ಉತ್ತರ ಕೊಟ್ಟರಾಯಿತು.

ಆಪರೇಷನ್ ಹೊಸದೇನೂ ಅಲ್ಲ. 1950ರ ದಶಕದಲ್ಲಿ ಅಮೆರಿಕದ ಸ್ಮಿತ್, ರಾಬಿನ್ಸನ್, ಕ್ಲೋವಾರ್ಡ್ ಎಂಬ ಸರ್ಜನ್ನರು ಇದನ್ನು ರೂಢಿಗೆ ತಂದರು. ಕತ್ತಿನ ಹಿಂದೆ ಕೊಯ್ಯುತ್ತಾರೆ ಎಂದೇ ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ನನಗೆ ಕೊಯ್ದದ್ದು ಮುಂದೆ. ಗಂಟಲಿನ ಪಕ್ಕ, ಚರ್ಮದ ಮಡಿಕೆಯಲ್ಲೇ ಒಂದು ಚಿಕ್ಕ ಗೆರೆ. ಶ್ವಾಸನಾಳ, ಅನ್ನನಾಳವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕೆಟ್ಟ ಡಿಸ್ಕ್ ತೆಗೆದು, ಆ ಜಾಗಕ್ಕೆ ಮೂಳೆಯ ಚೂರು ತುಂಬಿದ ಕೇಜ್, ಅಂದರೆ ಒಂದು ಚಿಕ್ಕ ಗೂಡು, ಇಡುತ್ತಾರೆ. ಅದರ ಮುಂದೆ ಟೈಟಾನಿಯಂ ಪ್ಲೇಟು, ಸ್ಕ್ರೂ. ಹಿಂದೆಲ್ಲ ರೋಗಿಯ ಸೊಂಟದ ಮೂಳೆಯಿಂದಲೇ ತುಂಡು ತೆಗೆದು ಇಡುತ್ತಿದ್ದರು. ಕುತ್ತಿಗೆಗಿಂತ ಸೊಂಟದ ಗಾಯವೇ ಜಾಸ್ತಿ ನೋಯುತ್ತಿತ್ತು ಎಂದು ಆ ಕಾಲದಲ್ಲಿ ಮಾಡಿಸಿಕೊಂಡ ಒಬ್ಬರು ನನಗೆ ಹೇಳಿದರು. ಈಗ ಬಹಳ ಕಡೆ ಅದು ಬೇಕಾಗುವುದಿಲ್ಲ.

ಮರುದಿನವೇ ನನ್ನನ್ನು ನಡೆಸಿದರು. ಕೈಯ ಸೆಳೆತ ಅರ್ಧಕ್ಕರ್ಧ ಇಳಿದಿತ್ತು. ಇದನ್ನು ಹೆದರಿದವರಿಗೆ ಗಟ್ಟಿಯಾಗಿ ಹೇಳುತ್ತೇನೆ.

ಆದರೆ ಗಂಟಲು! ಇದರ ಬಗ್ಗೆ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅನ್ನನಾಳವನ್ನು ಸರಿಸಿರುತ್ತಾರಲ್ಲ, ಅದು ಬಾತಿರುತ್ತದೆ. ಮೊದಲ ವಾರಗಳಲ್ಲಿ ನುಂಗುವುದೇ ಕಷ್ಟ. ಚಪಾತಿ, ಒಣ ಪಲ್ಯ ಗಂಟಲಲ್ಲೇ ನಿಲ್ಲುತ್ತಿತ್ತು. ನಮ್ಮ ಅತ್ತೆ ಕುಂದಾಪುರದವರು, ಎಂಬತ್ತು ದಾಟಿದೆ. ಅವರು ಕುಚ್ಚಲಕ್ಕಿ ಗಂಜಿಯನ್ನು ಅಗುಳು ಕರಗುವವರೆಗೆ ಬೇಯಿಸಿ, ಉಪ್ಪು, ಒಂದು ಚಮಚ ತುಪ್ಪ ಹಾಕಿ, ಉಗುರುಬೆಚ್ಚಗೆ ಕೊಡುತ್ತಿದ್ದರು. ರಾಗಿ ಅಂಬಲಿ, ತಿಳಿಸಾರು, ಮೆತ್ತಗೆ ಹಿಸುಕಿದ ಬಾಳೆಹಣ್ಣು. ಆ ದಿನಗಳಲ್ಲಿ ನನ್ನನ್ನು ಉಳಿಸಿದ್ದು ಅದೇ ಊಟ. ನೆಟ್ಟಗೆ ಕೂತು, ಸಣ್ಣ ಸಣ್ಣ ತುತ್ತು, ಆತುರ ಇಲ್ಲದೆ ತಿನ್ನಬೇಕು. ದೊಡ್ಡ ಮಾತ್ರೆಗಳನ್ನು ಪುಡಿ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು, ಕೆಲವನ್ನು ಪುಡಿ ಮಾಡಬಾರದು. ದನಿಯೂ ಗೊಗ್ಗರಾಗುತ್ತದೆ. ದನಿಯ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ಹೆಚ್ಚಿನವರಿಗೆ ವಾರಗಳಲ್ಲಿ ಸರಿಯಾಗುತ್ತದೆ, ನನಗೂ ಆಯಿತು. ಆದರೆ ಆಪರೇಷನ್ ಆದ ಹೊಸದರಲ್ಲಿ ಕತ್ತು ಊದಿ ಉಸಿರಾಡಲು ಕಷ್ಟವಾದರೆ ಒಂದು ನಿಮಿಷವೂ ಕಾಯಬಾರದು, ಆಸ್ಪತ್ರೆಗೆ ಓಡಬೇಕು. ಕೈಕಾಲಿನ ಶಕ್ತಿ ಹೊಸದಾಗಿ ಕುಂದಿದರೆ, ಜ್ವರ ಬಂದರೆ, ಗಾಯದಲ್ಲಿ ಕೀವು ಕಂಡರೆ, ಮೂತ್ರದ ಹಿಡಿತ ತಪ್ಪಿದರೆ ಕೂಡ ಹಾಗೆಯೇ.

ಎರಡು ಭುಜದೆಲುಬುಗಳ ನಡುವೆ ಒಂದು ವಿಚಿತ್ರ ನೋವು ಬರುತ್ತದೆ. ನಾನು ಗಾಬರಿಯಾಗಿ ಫೋನ್ ಮಾಡಿದೆ. ಇದು ಸಾಮಾನ್ಯ, ಕೆಲವು ವಾರದಲ್ಲಿ ಹೋಗುತ್ತದೆ ಎಂದರು. ಹೋಯಿತು. ಕೈಯ ನೋವು ಮೊದಲು ಹೋಗುತ್ತದೆ, ಶಕ್ತಿ ಆಮೇಲೆ ಬರುತ್ತದೆ, ಜೋಮು ಎಲ್ಲಕ್ಕಿಂತ ಕೊನೆಗೆ. ನನ್ನ ತೋರುಬೆರಳ ತುದಿಯ ಜೋಮು ಇನ್ನೂ ಪೂರ್ತಿ ಹೋಗಿಲ್ಲ.

ಕಾಲರ್, ಅಂದರೆ ಕುತ್ತಿಗೆಗೆ ಹಾಕುವ ಪಟ್ಟಿ, ಅದರ ಬಗ್ಗೆ ಒಬ್ಬೊಬ್ಬ ಸರ್ಜನ್ ಒಂದೊಂದು ಹೇಳುತ್ತಾರೆ. ಕೆಲವರು ಹಾಕಿಸುವುದೇ ಇಲ್ಲ. ನನಗೆ ಕೆಲವು ವಾರ ಹಾಕಲು ಹೇಳಿದ್ದರು. ಮೇ ತಿಂಗಳ ಡೊಂಬಿವಲಿ, ಬೆವರು ಕಟ್ಟಿ ಗದ್ದದ ಕೆಳಗೆ ಬೆವರುಸಾಲೆ ಎದ್ದಿತು. ಹಳೆಯ ಮೆತ್ತನೆಯ ಹತ್ತಿ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಒಳಗೆ ಇಟ್ಟುಕೊಂಡು, ದಿನಕ್ಕೆ ಎರಡು ಸಲ ಬದಲಾಯಿಸುತ್ತಿದ್ದೆ. ಹಾಸಿಗೆಯಿಂದ ಏಳುವಾಗ ನೇರ ಎದ್ದು ಕೂರಬಾರದು. ಇಡೀ ಮೈಯನ್ನು ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. ಹೊಟ್ಟೆಯ ಮೇಲೆ ಮಲಗುವುದಂತೂ ಬೇಡವೇ ಬೇಡ. ಮೊದಲ ತಿಂಗಳುಗಳ ದೊಡ್ಡ ವ್ಯಾಯಾಮ ಎಂದರೆ ನಡಿಗೆ. ನಾನು ಸೊಸೈಟಿಯ ಅಂಗಳದಲ್ಲೇ ಬೆಳಗ್ಗೆ ಸಂಜೆ ಸುತ್ತುತ್ತಿದ್ದೆ.

ಇನ್ನು ಮನೆ. ಹೆಂಗಸರ ಕುತ್ತಿಗೆಗೆ ನಮ್ಮ ಮನೆಗೆಲಸದಲ್ಲಿ ಎಷ್ಟು ಕೆಲಸ ಇದೆ ಎಂದು ನನಗೆ ಆಗಲೇ ತಿಳಿದದ್ದು. ಮುಂಬಯಿಯ ಫ್ಲ್ಯಾಟುಗಳಲ್ಲಿ ಬಟ್ಟೆ ಒಣಗಿಸುವ ಸರಳುಗಳು ಛಾವಣಿಗೆ ಹತ್ತಿರ ಇರುತ್ತವೆ. ತಲೆಯೆತ್ತಿ, ಕೈ ಮೇಲೆ ಮಾಡಿ, ಕೋಲಿನಿಂದ ಒಂದೊಂದೇ ಬಟ್ಟೆ ಏರಿಸಬೇಕು. ಹೊಸದಾಗಿ ಕೂಡುತ್ತಿರುವ ಮೂಳೆಗೆ ಇದಕ್ಕಿಂತ ಕೆಟ್ಟ ಕೆಲಸ ಇಲ್ಲ. ಬೆಳಗ್ಗೆ ನೀರು ಬರುವ ಹೊತ್ತಿಗೆ ಡ್ರಮ್ಮು, ಬಕೆಟ್ ತುಂಬಿಸುವುದು. ಈಳಿಗೆಮಣೆಯ ಮೇಲೆ ಕೂತು ಕತ್ತು ಬಗ್ಗಿಸಿ ಕಾಯಿ ತುರಿಯುವುದು. ಒದ್ದೆ ಚಾದರ ಹಿಂಡುವುದು. ಮೇಲಿನ ಅಟ್ಟದಿಂದ ದೊಡ್ಡ ಪಾತ್ರೆ ಇಳಿಸುವುದು. ತುಂಬಿದ ಕುಕ್ಕರ್ ಒಂದೇ ಕೈಯಲ್ಲಿ ಎತ್ತುವುದು. ಒಂದು ಬಕೆಟ್ ನೀರೆಂದರೆ ಹದಿನೈದು ಕಿಲೋ ಆಗುತ್ತದೆ, ಅಲ್ವಾ? ಮೊದಲ ವಾರಗಳಲ್ಲಿ ಎರಡು ಮೂರು ಕಿಲೋಗಿಂತ ಜಾಸ್ತಿ ಎತ್ತಬೇಡಿ ಎಂದು ನನಗೆ ಹೇಳಿದ್ದರು. ನಮ್ಮ ಮನೆಯವರು ಒಂದು ಕೆಲಸ ಮಾಡಿದರು, ಅದಕ್ಕೆ ನಾನು ಋಣಿ. ಕಿಟಕಿಯ ಹತ್ತಿರ ಎದೆಯ ಎತ್ತರಕ್ಕೆ ಒಂದು ಹಗ್ಗ ಕಟ್ಟಿದರು, ದಿನಬಳಕೆಯ ಡಬ್ಬಿಗಳನ್ನೆಲ್ಲ ಕಟ್ಟೆಯ ಮೇಲೆಯೇ ಇಟ್ಟರು, ನೀರಿನ ಹೊತ್ತಿಗೆ ಅವರೇ ಏಳುತ್ತಿದ್ದರು. ಈಗಲೂ ಏಳುತ್ತಾರೆ. ಆಪರೇಷನ್ನಿನ ದಿನ ಹತ್ತು ಜನ ಆಸ್ಪತ್ರೆಯ ಹೊರಗೆ ಕೂರುವುದಕ್ಕಿಂತ, ಆರು ತಿಂಗಳು ಒಬ್ಬರು ಬಕೆಟ್ ಎತ್ತುವುದು ರೋಗಿಗೆ ಎಷ್ಟೋ ಉಪಕಾರ.

ನೋಡಲು ಬಂದವರು ಎಣ್ಣೆ ಹಚ್ಚಿ ತಿಕ್ಕಿಸು, ಉಳುಕು ತೆಗೆಸು ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಗಂಡಸರು ಕಟಿಂಗ್ ಅಂಗಡಿಯಲ್ಲಿ ತಲೆ ಹಿಡಿದು ಲಟಕ್ ಎಂದು ತಿರುಗಿಸಿಕೊಳ್ಳುತ್ತಾರಲ್ಲ, ಅದು ಬೆನ್ನುಹುರಿ ಒತ್ತಿದವರಿಗೂ, ಆಪರೇಷನ್ ಆದವರಿಗೂ ಬಹಳ ಅಪಾಯ. ದಯವಿಟ್ಟು ಮಾಡಿಸಬೇಡಿ. ತಂಬಾಕು ಇನ್ನೊಂದು. ಸಿಗರೇಟು, ಗುಟ್ಕಾ, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು, ಇಲ್ಲಿನ ಹೆಂಗಸರು ಹಲ್ಲಿಗೆ ಉಜ್ಜುವ ಮಿಶ್ರಿ, ಎಲ್ಲದರಲ್ಲೂ ನಿಕೋಟಿನ್ ಇದೆ. ಮೂಳೆ ಕೂಡುವುದಕ್ಕೆ ಅದು ಅಡ್ಡಿ. ಸಿಗರೇಟು ಸೇದುವವರಲ್ಲಿ ಮೂಳೆ ಕೂಡದೆ ಉಳಿಯುವುದು ಜಾಸ್ತಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ಸುಮ್ನೆ ತಂದು ನುಂಗುವುದೂ ಬೇಡ. ಕೆಲವು ನೋವಿನ ಮಾತ್ರೆಗಳನ್ನು ಮೂಳೆ ಕೂಡುವ ಮೊದಲ ದಿನಗಳಲ್ಲಿ ಬೇಡ ಅನ್ನುವ ಸರ್ಜನ್ನರಿದ್ದಾರೆ.

ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಈಗ ಬರುತ್ತದೆ.

ಕಾಲರ್ ಇದ್ದಷ್ಟು ದಿನ ಎಲ್ಲರೂ ದಾರಿ ಬಿಡುತ್ತಿದ್ದರು. ತೆಗೆದ ದಿನ ಪಕ್ಕದ ಮನೆಯ ಕಾಕೂ ಸಂತೋಷದಿಂದ "ಪಟ್ಟಾ ನಿಘಾಲಾ, ಮ್ಹಣ್ಜೆ ಬರೀ ಝಾಲೀಸ್" ಅಂದರು. ನಮ್ಮವರೂ ಅದನ್ನೇ ಅಂದರು. ಪಟ್ಟಿ ಹೋಯಿತು, ಗುಣವಾಯಿತು. ಮದುವೆಗೆ ಬಾ, ಗಣಪತಿಗೆ ಅಡುಗೆಗೆ ಬಾ, ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗೋಣ ಬಾ. ಕಚೇರಿಯಲ್ಲಿ ಮೇಜಿನ ಮೇಲೆ ಫೈಲು ಪೆಟ್ಟಿಗೆಗಳು ಮತ್ತೆ ಬಂದು ಕೂತವು. ಆದರೆ ಒಳಗೆ ಆಗ ಏನಾಗಿರುತ್ತದೆ? ಮೂಳೆ ಇನ್ನೂ ಕೂಡಿಯೇ ಇರುವುದಿಲ್ಲ. ಸ್ಲ್ಯಾಬ್ ಗಟ್ಟಿಯಾಗುವವರೆಗೆ ಕೆಳಗೆ ಸೆಂಟ್ರಿಂಗ್ ಕೊಡುತ್ತಾರಲ್ಲ, ಪ್ಲೇಟು, ಸ್ಕ್ರೂ ಮಾಡುವುದು ಆ ಕೆಲಸ. ಕೇಜಿನ ಮೂಲಕ ಮೇಲಿನ ಮೂಳೆ ಕೆಳಗಿನ ಮೂಳೆಯನ್ನು ಬೆಳೆದು ಸೇರಬೇಕು. ಅದಕ್ಕೆ ಮೂರರಿಂದ ಆರು ತಿಂಗಳು, ಕೆಲವರಿಗೆ ಒಂದು ವರ್ಷ, ಇನ್ನೂ ಹೆಚ್ಚು. ಕೂಡಿತೋ ಇಲ್ಲವೋ ಎಂದು ಎಕ್ಸ್‌ರೇಯಲ್ಲಿ ನೋಡಿಯೇ ಹೇಳಬೇಕು. ಹೊರಗಿನಿಂದ ನೋಡಿದರೆ ಕತ್ತಿನ ಮೇಲೆ ಒಂದು ತೆಳು ಗೆರೆ. ಅದೂ ಸರದ ಕೆಳಗೆ ಮುಚ್ಚಿಹೋಗುತ್ತದೆ.

ಹಾಗಂತ ಕತ್ತು ಮರಗಟ್ಟಿ ಹೋಗುತ್ತದೆ ಎಂದೇನಿಲ್ಲ. ತಲೆ ಎಡಬಲ ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಮೇಲಿನ ಎರಡು ಮೂಳೆಗಳದ್ದೇ. ಕೆಳಗಿನ ಒಂದು ಜೋಡಿ ಕೂಡಿಸಿದರೆ ದೊಡ್ಡ ವ್ಯತ್ಯಾಸ ತಿಳಿಯುವುದಿಲ್ಲ. ನಾನು ಈಗ ರಸ್ತೆ ದಾಟುವಾಗ ಎರಡೂ ಕಡೆ ಚೆನ್ನಾಗಿಯೇ ನೋಡುತ್ತೇನೆ. ಆದರೆ ಕೂಡಿಸಿದ ಜಾಗದ ಮೇಲಿನ, ಕೆಳಗಿನ ಡಿಸ್ಕ್‌ಗಳಿಗೆ ಮುಂದೆ ತೊಂದರೆ ಬರಬಹುದು. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ವರ್ಷಕ್ಕೆ ನೂರಕ್ಕೆ ಸುಮಾರು 3 ಮಂದಿಗೆ ಹೀಗೆ ಪಕ್ಕದ ಡಿಸ್ಕ್‌ನಿಂದ ಹೊಸ ತೊಂದರೆ ಕಂಡಿತ್ತು. ಆದ್ದರಿಂದ ಗುಣವಾದ ಮೇಲೂ ಕತ್ತು ಬಗ್ಗಿಸಿ ಗಂಟೆಗಟ್ಟಲೆ ಮೊಬೈಲ್ ನೋಡುವುದನ್ನು ನಾನು ಬಿಟ್ಟಿದ್ದೇನೆ. ತಲೆಯ ತೂಕವೇ ನಾಲ್ಕೂವರೆ ಐದು ಕಿಲೋ. ಬಗ್ಗಿದಷ್ಟೂ ಕುತ್ತಿಗೆಗೆ ಭಾರ ಏರುತ್ತದೆ. ಕಚೇರಿಯಲ್ಲಿ ಹಳೆಯ ಲೆಡ್ಜರುಗಳನ್ನು ಒಂದರ ಮೇಲೊಂದು ಇಟ್ಟು ಕಂಪ್ಯೂಟರ್ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿಕೊಂಡೆ.

ಈಗ ರೈಲಿನ ವಿಷಯ. ಡೊಂಬಿವಲಿ ಸ್ಟೇಷನ್ನಿನ ಬೆಳಗಿನ ಎಂಟು ಗಂಟೆ ನಿಮ್ಮ ಓದುಗರಿಗೆ ನಾನು ವಿವರಿಸಬೇಕಿಲ್ಲ. ಗಾಡಿ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಹತ್ತುವಾಗ ಹಿಂದಿನವರ ಕೈ ನಮ್ಮ ಭುಜದ ಮೇಲೆ, ಮುಂದಿನವರ ಚೀಲ ನಮ್ಮ ಗದ್ದಕ್ಕೆ. ಒಳಗೆ ನಿಂತರೆ ಮೇಲಿನ ಹಿಡಿಕೆ ಹಿಡಿದು ಒಂದು ಗಂಟೆಗೂ ಜಾಸ್ತಿ ಕೈ ಎತ್ತಿಯೇ ಇರಬೇಕು. ಬ್ರೇಕ್ ಬಿದ್ದಾಗಲೆಲ್ಲ ಜರ್ಕು. ಕೈ ಮೇಲೆತ್ತಿ ಹಿಡಿಯಬೇಡಿ, ಜರ್ಕು ತಪ್ಪಿಸಿ, ಯಾರೂ ದೂಡದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಬರೆದುಕೊಟ್ಟ ಕಾಗದ ನನ್ನ ಪರ್ಸಿನಲ್ಲಿತ್ತು. ಎಲ್ಲಿ ನೋಡಿಕೊಳ್ಳಲಿ?

ದಿವ್ಯಾಂಗರ, ಅಂದರೆ ಅಂಗವಿಕಲರ, ಡಬ್ಬಿ ಹತ್ತಿದೆ. ಕಾರ್ಡ್ ಇದೆಯೇ ಎಂದು ಒಳಗಿನವರು ಕೇಳಿದರು. ಅವರಲ್ಲಿ ಒಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ, ಇನ್ನೊಬ್ಬರು ಊರುಗೋಲಿನವರು. ಕೇಳಿದ್ದು ಸರಿಯಾಗಿಯೇ ಇತ್ತು. ಆ ಡಬ್ಬಿಗೆ ಎಷ್ಟೋ ಜನ ಗಟ್ಟಿಮುಟ್ಟಾಗಿರುವವರು ನುಗ್ಗಿ ಸೀಟು ಹಿಡಿಯುತ್ತಾರೆ, ಅಂಗವಿಕಲರಿಗೆ ಅದು ದಿನದ ಗೋಳು. ನಾನು ಆಸ್ಪತ್ರೆಯ ಕಾಗದ ತೋರಿಸಿದೆ. ಅದು ಇಲ್ಲಿ ನಡೆಯುವುದಿಲ್ಲ ತಾಯಿ ಎಂದರು. ಥಾಣೆಯಲ್ಲಿ ಇಳಿದು ಮಹಿಳೆಯರ ಡಬ್ಬಿಗೆ ಹೋದೆ. ಆ ದಿನ ಸಂಜೆ ಮನೆಗೆ ಬಂದಾಗ ಎರಡೂ ತೋಳು ಭಾರವಾಗಿದ್ದವು. ಏನಾದರೂ ಸರಿದು ಹೋಯಿತೋ ಎಂದು ರಾತ್ರಿಯಿಡೀ ನಿದ್ದೆ ಬರಲಿಲ್ಲ. ದೇವರ ದಯೆ, ಎಕ್ಸ್‌ರೇಯಲ್ಲಿ ಎಲ್ಲ ಸರಿ ಇತ್ತು.

ನಿಯಮ ಏನೆಂದು ಆಮೇಲೆ ವಿಚಾರಿಸಿದೆ. ಆ ಡಬ್ಬಿಯಲ್ಲಿ ಅಂಗವಿಕಲರು, ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರು ಪ್ರಯಾಣ ಮಾಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆದರೆ ಊನ ದೀರ್ಘಕಾಲದ್ದಾಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ಕುತ್ತಿಗೆಯ ಮೂಳೆ ಕೂಡುವವರೆಗೆ ಕಾಯುತ್ತಿರುವವಳು ನಾನು, ಅದರಲ್ಲಿ ಬರುವುದಿಲ್ಲ. ಅರವತ್ತು ಆಗಿಲ್ಲ, ಹಿರಿಯ ನಾಗರಿಕರ ಸೀಟೂ ನನ್ನದಲ್ಲ. ಕಾಯ್ದೆ ಬದಲಾಯಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ಒಂದು ಯೋಚಿಸಿ. ಗರ್ಭಿಣಿಯರನ್ನು ಆ ಡಬ್ಬಿಗೆ ಬಿಟ್ಟಿರುವುದು ಒಳ್ಳೆಯ ಕೆಲಸ. ಅವರ ಸ್ಥಿತಿಯೂ ಕೆಲವು ತಿಂಗಳದ್ದೇ ಅಲ್ವಾ? ಕೆಲವು ತಿಂಗಳ ಮಟ್ಟಿಗೆ ದೇಹಕ್ಕೆ ನೂಕುನುಗ್ಗಲು ತಡೆಯದು ಎಂಬುದನ್ನು ರೈಲ್ವೆ ಆಗಲೇ ಒಪ್ಪಿದೆ. ಬೆನ್ನುಮೂಳೆಯ ಆಪರೇಷನ್ ಆದವರಿಗೂ ಅದನ್ನೇ ಒಪ್ಪಿದರಾಯಿತು. ಕುತ್ತಿಗೆ ಮಾತ್ರ ಏಕೆ, ಸೊಂಟದ ಕೀಲು ಬದಲಾಯಿಸಿಕೊಂಡವರು, ಹೃದಯದ ಬೈಪಾಸ್ ಆದವರು, ಎಲ್ಲರೂ ಇದರಲ್ಲಿದ್ದಾರೆ. ಎದೆಮೂಳೆ ಸೀಳಿ ಹೊಲಿದವರನ್ನು ಈ ಗಾಡಿಯಲ್ಲಿ ನೆನಸಿಕೊಂಡರೇ ಎದೆ ಝಲ್ಲೆನ್ನುತ್ತದೆ.

ದುರುಪಯೋಗ ಆಗುತ್ತದೆ ಎಂದು ಹೇಳುವವರಿದ್ದಾರೆ. ನಕಲಿ ಚೀಟಿಯ ಭಯ ನನಗೂ ಇದೆ, ಏಕೆಂದರೆ ಅದರ ಪೆಟ್ಟು ಬೀಳುವುದು ನಿಜವಾದ ಅಂಗವಿಕಲರಿಗೆ. ಆದ್ದರಿಂದ ಡಾಕ್ಟರ ಚೀಟಿ ಒಂದೇ ಸಾಕು ಎಂದು ನಾನು ಹೇಳುವುದಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಆಪರೇಷನ್ ತಾರೀಖು, ಸರ್ಜನ್ ಸಹಿ, ಸೀಸನ್ ಪಾಸ್ ಇಷ್ಟನ್ನು ಸ್ಟೇಷನ್ನಿನಲ್ಲಿ ನೋಡಿ, ಮೂರು ತಿಂಗಳಿಗೆ ಫೋಟೋ ಇರುವ ಒಂದು ಚೀಟಿ ಕೊಡಲಿ. ಬೇಕಾದರೆ ಇನ್ನೊಮ್ಮೆ ಮೂರು ತಿಂಗಳು. ಅದಕ್ಕಿಂತ ಮುಂದೆ ಬೇಡ. ಸೀಟು ಮೊದಲು ಅಂಗವಿಕಲರಿಗೆ, ನಾವು ನಿಂತೇ ಹೋಗುತ್ತೇವೆ. ನಮಗೆ ಬೇಕಾದದ್ದು ದೂಡದ ಜಾಗ, ಅಷ್ಟೇ.

ಅದು ಆಗುವವರೆಗೆ ನಾನು ಮಾಡಿದ್ದನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಜನಸಂದಣಿ ಇಳಿದ ಮೇಲೆ ಹೊರಡುವಂತೆ ಕಚೇರಿಯ ಸಮಯ ಬದಲಾಯಿಸಿಕೊಂಡೆ. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಗಾಡಿ ಹಿಡಿದರೆ ಕೂರಲು ಜಾಗ ಸಿಗುತ್ತದೆ. ಹೊತ್ತು ಹೆಚ್ಚು ಹಿಡಿದರೂ ಪರವಾಗಿಲ್ಲ. ಕೈಯಲ್ಲಿ ದುಡ್ಡಿದ್ದ ತಿಂಗಳು ಎಸಿ ಲೋಕಲ್ ಪಾಸ್ ತೆಗೆದೆ. ಬಾಗಿಲು ಮುಚ್ಚುವುದರಿಂದ ನೇತಾಡುವವರ ನೂಕು ಇರುವುದಿಲ್ಲ. ಆದರೆ ಆ ಪಾಸಿನ ಬೆಲೆ ನಮ್ಮಂಥವರಿಗೆ ಪ್ರತಿ ತಿಂಗಳೂ ಆಗುವಂಥದ್ದಲ್ಲ. ಮಳೆಗಾಲದಲ್ಲಿ ಹೊಂಡದ ರಸ್ತೆಯ ಶೇರ್ ರಿಕ್ಷಾ ಬಿಟ್ಟು ಸ್ಟೇಷನ್ನಿಗೆ ನಡೆದೇ ಹೋದೆ. ಮನೆಯಿಂದ ಸ್ವಲ್ಪ ಮೊದಲೇ ಹೊರಟರಾಯಿತು.

ಖರ್ಚಿನ ಬಗ್ಗೆ ಕಲ್ವಾದ ತಾಯಿ ಬರೆದಿರಲಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಪರೇಲ್‌ನ ಕೆಇಎಂ, ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಗಳಲ್ಲಿ ನ್ಯೂರೋಸರ್ಜರಿ ವಿಭಾಗಗಳಿವೆ. ಸಾಲು ಉದ್ದ, ಆದರೆ ಅನುಭವಿ ಕೈಗಳು. ರೇಷನ್ ಕಾರ್ಡ್ ಇದ್ದರೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ನಿಮ್ಮ ಆಪರೇಷನ್ ಬರುತ್ತದೆಯೇ ಎಂದು ಆ ಯೋಜನೆ ಇರುವ ಆಸ್ಪತ್ರೆಯಲ್ಲಿ ಅದರ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಫಿಸಿಯೋಥೆರಪಿಗೆ ಹಾಜಿ ಅಲಿಯಲ್ಲಿ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ ಇದೆ. ಡಿಸ್ಚಾರ್ಜ್ ದಿನ ಇಂಗ್ಲಿಷಿನಲ್ಲಿ ಕೊಡುವ ಕಾಗದವನ್ನು ಓದಿ ಅರ್ಥ ಹೇಳುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ನನ್ನ ಕಾಗದವನ್ನು ಮಗಳು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಅತ್ತೆ ಅದನ್ನು ನೋಡಿಕೊಂಡೇ ನನಗೆ ಬಾಗಬೇಡ, ಎತ್ತಬೇಡ ಎಂದು ಕಾವಲು ಕಾಯುತ್ತಿದ್ದರು.

ನಮ್ಮ ಸೊಸೈಟಿಯ ಕೆಲವು ಗೆಳತಿಯರು, ಮರಾಠಿಯವರೂ ಕನ್ನಡದವರೂ ಸೇರಿ, ಮೂರು ತಿಂಗಳ ಚೀಟಿಯ ಬೇಡಿಕೆಯನ್ನು ಮಧ್ಯ ರೈಲ್ವೆಯ ಮುಂಬಯಿ ವಿಭಾಗೀಯ ವ್ಯವಸ್ಥಾಪಕರಿಗೆ ಬರೆಯುತ್ತಿದ್ದೇವೆ. ಕಲ್ಯಾಣದಿಂದ ಮುಲುಂಡ್‌ವರೆಗೆ, ಆ ಕಡೆ ವಸಾಯಿ, ಮೀರಾ ರೋಡ್‌ನಲ್ಲೂ ನಮ್ಮ ಕನ್ನಡ ಸಂಘಗಳಿವೆ. ಅವುಗಳ ಮಹಿಳಾ ವಿಭಾಗಗಳು ತಮ್ಮ ಲೆಟರ್‌ಹೆಡ್ಡಿನಲ್ಲಿ ಇದೇ ಮಾತನ್ನು ಒಂದು ಪುಟ ಬರೆದು ಕಳಿಸಿದರೆ ಬಲ ಬರುತ್ತದೆ. ಪಶ್ಚಿಮ ರೈಲ್ವೆಯ ಕಡೆಯವರು ಅಲ್ಲಿನ ವ್ಯವಸ್ಥಾಪಕರಿಗೆ ಬರೆಯಲಿ. ಇಂಥ ಆಪರೇಷನ್ ಆದವರು ತಮ್ಮ ಪ್ರಯಾಣದ ತೊಂದರೆಯನ್ನು ನಿಮ್ಮ ಪತ್ರಿಕೆಗೂ ಬರೆಯಲಿ. ಅವನ್ನು ಕತ್ತರಿಸಿ ಮನವಿಯ ಜೊತೆಗೆ ಲಗತ್ತಿಸುತ್ತೇವೆ.

ಇಂತಿ,
ಡೊಂಬಿವಲಿ ಪೂರ್ವದ ಓದುಗಾರ್ತಿ